ನಾಯಿಗೆ ಔಷಧಿ ಹಾಕಿ ಎರಡು ವಾರವಾದರೂ ಮನೆಯಲ್ಲಿ ಚಿಗಟ ಏಕೆ ಹೋಗಿಲ್ಲ?

ಪ್ರಶ್ನೆ: ಮನೆಯಲ್ಲಿ ಒಂದು ನಾಯಿ, ಒಂದು ಬೆಕ್ಕು ಇವೆ. ನಾಯಿಯ ಕತ್ತಿಗೆ ಹನಿ ಔಷಧಿ ಹಾಕಿದೆವು. ಮೂರು ದಿನ ಒಂದೂ ಚಿಗಟ ಕಾಣಲಿಲ್ಲ. ಎರಡು ವಾರ ಕಳೆದ ಮೇಲೆ ಈಗ ಮತ್ತೆ ಕಾಣುತ್ತಿವೆ, ನಮ್ಮ ಕಾಲಿಗೂ ಕಚ್ಚುತ್ತಿವೆ. ಔಷಧಿ ಕೆಲಸ ಮಾಡಲಿಲ್ಲವೇ?

ಉತ್ತರ: ಔಷಧಿ ಬದಲಿಸುವ ಮೊದಲು ನೆಲದ ಕಡೆ ನೋಡಿ. ಈಗ ಕಚ್ಚುತ್ತಿರುವುದು ಹೆಚ್ಚಾಗಿ ನಾಯಿಯ ಮೈಯಲ್ಲಿ ಉಳಿದುಕೊಂಡ ಹಳೆಯ ಚಿಗಟಗಳಲ್ಲ. ಔಷಧಿ ಹಾಕುವ ಮೊದಲೇ ಉದುರಿದ್ದ ಮೊಟ್ಟೆಗಳು ಬೆಳೆದು ಈಗ ಹೊರಬೀಳುತ್ತಿವೆ.

ಹೆಣ್ಣು ಚಿಗಟ ರಕ್ತ ಹೀರಿದ ಒಂದೆರಡು ದಿನದಲ್ಲೇ ಮೊಟ್ಟೆ ಇಡಲು ತೊಡಗುತ್ತದೆ, ದಿನಕ್ಕೆ 40–50ರವರೆಗೂ. ಅರ್ಧ ಮಿಲಿಮೀಟರಿನ ಆ ಬಿಳಿ ಮೊಟ್ಟೆ ಕೂದಲಿಗೆ ಅಂಟಿ ಕೂರುವುದಿಲ್ಲ. ನಾಯಿ ಮಲಗಿದಲ್ಲಿ, ಮೈ ಕೊಡವಿದಲ್ಲಿ ಉದುರುತ್ತದೆ. ಕೆಲವೇ ದಿನಗಳಲ್ಲಿ ಹೊರಬರುವ ಮರಿಹುಳುವಿಗೆ ಬೆಳಕು ಆಗದು. ಜಮಖಾನದ ಬುಡಕ್ಕೆ, ಸೋಫಾದ ಸಂದಿಗೆ, ಮಂಚದ ಅಡಿಗೆ ಇಳಿದು, ದೊಡ್ಡ ಚಿಗಟಗಳ ಹಿಕ್ಕೆಯಲ್ಲಿರುವ ಒಣಗಿದ ರಕ್ತ ತಿಂದು ಬದುಕುತ್ತದೆ. ಆಮೇಲೆ ರೇಷ್ಮೆ ಎಳೆಯ ಗೂಡು ಕಟ್ಟಿಕೊಳ್ಳುತ್ತದೆ. ಅಂಟಂಟಾದ ಗೂಡಿಗೆ ದೂಳು, ಕೂದಲು ಮೆತ್ತಿಕೊಂಡು ಅದು ಕಸದ ಚೂರಿನಂತೆಯೇ ಕಾಣುತ್ತದೆ. ಕೀಟನಾಶಕ ಈ ಗೂಡಿನೊಳಗೆ ಸರಿಯಾಗಿ ತಲುಪುವುದೇ ಇಲ್ಲ. ಒಳಗಿನ ಚಿಗಟ ಬೇಕಾದರೆ ತಿಂಗಳುಗಟ್ಟಲೆ ಕಾಯುತ್ತದೆ. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರು ತಾಗಿದ ಕೂಡಲೇ ಹೊರಗೆ ಹಾರುತ್ತದೆ. ಬಹಳ ದಿನ ಬೀಗ ಹಾಕಿದ್ದ ಮನೆಯೊಳಗೆ ಕಾಲಿಟ್ಟಾಗ ಒಮ್ಮೆಲೇ ಚಿಗಟ ಮುತ್ತುವುದು ಇದಕ್ಕೇ.

ಬೆಚ್ಚಗೆ, ತೇವವಾಗಿದ್ದರೆ ಮೊಟ್ಟೆಯಿಂದ ಚಿಗಟದವರೆಗಿನ ಸುತ್ತು ಮೂರು ನಾಲ್ಕು ವಾರದಲ್ಲಿ ಮುಗಿಯುತ್ತದೆ. ಹಳೆಯ ಗೂಡುಗಳೆಲ್ಲ ಖಾಲಿಯಾಗಲು ಎರಡು ಮೂರು ತಿಂಗಳು ಹಿಡಿಯುವುದು ಸಾಮಾನ್ಯ. ಎರಡನೇ ವಾರಕ್ಕೇ ಕೈಬಿಟ್ಟವರ ಮನೆಯಲ್ಲಿ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ.

ಬೆಕ್ಕಿಗೆ ಔಷಧಿ ಹಾಕಿದ ವಿಷಯ ನೀವು ಬರೆದಿಲ್ಲ. ಹಾಕದಿದ್ದರೆ ತೊಂದರೆಯ ಇನ್ನೊಂದು ಮೂಲ ಅದೇ. ನಾಯಿಗಳ ಮೈಯಲ್ಲಿ ಹೆಚ್ಚಾಗಿ ಸಿಗುವುದೂ ಬೆಕ್ಕಿನ ಚಿಗಟವೇ, ಹಾಗಾಗಿ ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಒಂದೇ ದಿನ ಔಷಧಿ ಆಗಬೇಕು. ಆದರೆ ದಯವಿಟ್ಟು ನಾಯಿಯ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ, ಅರ್ಧ ಹನಿಯನ್ನೂ ಬೇಡ. ನಾಯಿಗಳ ಹಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಬೆಕ್ಕಿನ ಯಕೃತ್ತಿಗೆ ಅದನ್ನು ಒಡೆದು ಹೊರಹಾಕುವ ಶಕ್ತಿ ತೀರಾ ಕಡಿಮೆ. ಮೈ ನಡುಗಿ, ಫಿಟ್ಸ್ ಬಂದು, ಪ್ರಾಣವೇ ಹೋಗಬಹುದು. ತಪ್ಪಿ ಹಾಕಿದ್ದರೆ ಅಥವಾ ನಾಯಿಯ ಮೈಯಿಂದ ತಾಗಿದ್ದರೆ ತಡಮಾಡದೆ ಪಶುವೈದ್ಯರಿಗೆ ಫೋನ್ ಮಾಡಿ. ನಡುಕವಿಲ್ಲದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಬಳಸಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಕರೆದೊಯ್ಯಿರಿ.

ಹನಿ ಔಷಧಿ ಸೋಲುವುದು ಬಹಳ ಸಲ ಹಾಕುವ ರೀತಿಯಲ್ಲಿ. ತಲೆಬುರುಡೆಯ ಹಿಂದೆ, ನಾಲಿಗೆಗೆ ಎಟುಕದ ಜಾಗದಲ್ಲಿ ಕೂದಲನ್ನು ಎರಡು ಕಡೆ ಸರಿಸಿ, ಚರ್ಮ ಕಂಡ ಮೇಲೆ ಅದರ ಮೇಲೆಯೇ ಹಿಂಡಬೇಕು. ಕೂದಲ ಮೇಲೆ ಬಿದ್ದದ್ದು ವ್ಯರ್ಥ. ಹಾಕುವ ಮೊದಲು ಎರಡು ದಿನ, ಹಾಕಿದ ಮೇಲೆ ಎರಡು ದಿನ ಸ್ನಾನ ಬೇಡ. ತೂಕ ನೋಡಿಯೇ ಪ್ಯಾಕೆಟ್ ಆರಿಸಿ, ಅದರಲ್ಲಿ ಹೇಳಿದ ದಿನಕ್ಕೆ ಸರಿಯಾಗಿ ಮುಂದಿನ ಡೋಸ್ ಹಾಕಿ. ಮರಿಗಳಿಗೆ, ಗಬ್ಬದ ಪ್ರಾಣಿಗಳಿಗೆ ವೈದ್ಯರನ್ನು ಕೇಳದೆ ಏನನ್ನೂ ಹಾಕಬೇಡಿ.

ಇನ್ನು ನೆಲ. ಎರಡು ವಾರ ದಿನವೂ, ಆಮೇಲೆ ಎರಡು ಮೂರು ದಿನಕ್ಕೊಮ್ಮೆ ವ್ಯಾಕ್ಯೂಮ್ ಹಾಕಿ: ಜಮಖಾನ, ಸೋಫಾದ ಕುಶನ್ ಅಡಿ, ಗೋಡೆ ನೆಲ ಸೇರುವ ಅಂಚು, ಪ್ರಾಣಿಗಳು ಮಲಗುವ ಮೂಲೆ. ಮೊಟ್ಟೆ, ಹಿಕ್ಕೆ ಹೋಗುವುದು ಒಂದು ಲಾಭ. ಅದುರಿಗೆ ಎಚ್ಚೆತ್ತು ಗೂಡಿನಿಂದ ಚಿಗಟ ಹೊರಬರುವುದು ಇನ್ನೂ ದೊಡ್ಡ ಲಾಭ. ಮುಗಿದ ತಕ್ಷಣ ಕಸವನ್ನು ಕವರಿಗೆ ತುಂಬಿ, ಬಾಯಿ ಬಿಗಿದು ಮನೆಯಿಂದ ಹೊರಗೆ ಹಾಕಿ. ಹಾಸಿಗೆ ಬಟ್ಟೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಅವುಗಳನ್ನು ಒಯ್ಯುವಾಗ ಸುರುಳಿ ಸುತ್ತಿಕೊಳ್ಳಿ, ಇಲ್ಲವಾದರೆ ದಾರಿಯುದ್ದಕ್ಕೂ ಮೊಟ್ಟೆ ಬೀಳುತ್ತವೆ.

ಸ್ಪ್ರೇ ಬೇಕೆನಿಸಿದರೆ ಮೆಥೊಪ್ರೀನ್ ಅಥವಾ ಪೈರಿಪ್ರಾಕ್ಸಿಫೆನ್ ಇರುವುದನ್ನು ನೋಡಿ ತನ್ನಿ. ಇವು ಮೊಟ್ಟೆ, ಮರಿಹುಳು ಬೆಳೆಯದಂತೆ ತಡೆಯುತ್ತವೆ. ಪೂರ್ತಿ ಒಣಗುವವರೆಗೆ ಮಕ್ಕಳು, ಪ್ರಾಣಿಗಳು ಆ ಕೋಣೆಗೆ ಹೋಗಬಾರದು. ಮೀನಿನ ತೊಟ್ಟಿಯಿದ್ದರೆ ಮೊದಲೇ ಬೇರೆ ಕೋಣೆಗೆ ಸಾಗಿಸಿ. ಕೋಣೆಯ ನಡುವೆ ಇಟ್ಟು ಹೊಗೆ ಬಿಡುವ ಡಬ್ಬಿಗಳನ್ನು ನಾವು ಹೇಳುವುದಿಲ್ಲ: ಆ ಮಂಜು ಮಂಚದ ಅಡಿಗೆ ತಲುಪದು, ಮರಿಹುಳು ಇರುವುದೇ ಅಲ್ಲಿ. ಬೆಳ್ಳುಳ್ಳಿ ತಿನ್ನಿಸುವುದು, ಟೀ ಟ್ರೀ ಎಣ್ಣೆ ಹಚ್ಚುವುದು ನಾಯಿ ಬೆಕ್ಕು ಎರಡಕ್ಕೂ ವಿಷ.

ಚಿಗಟಕ್ಕೆ ಹೆದರಿ ಔಷಧಿ ಹಾಕಿದ ಪ್ರಾಣಿಗಳನ್ನು ಹೊರಗೆ ಕಟ್ಟಬೇಡಿ. ಅವು ಎಂದಿನಂತೆ ಮನೆಯೆಲ್ಲ ಓಡಾಡಲಿ. ಹೊಸ ಚಿಗಟ ಅವುಗಳ ಮೇಲೆ ಹಾರಿದರೆ ಮೊಟ್ಟೆ ಇಡುವ ಮೊದಲೇ ಸಾಯುತ್ತದೆ. ಅವು ಇಲ್ಲದಿದ್ದರೆ ಹಾರುವುದು ನಿಮ್ಮ ಕಾಲಿಗೆ.

ಕಡಿಮೆಯಾಗುತ್ತಿದೆಯೇ ಎಂದು ತಿಳಿಯಲು ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡವನ್ನು ಬಾಚಿ, ಸಿಕ್ಕ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಉದುರಿಸಿ. ಸುತ್ತ ಕೆಂಪು ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ. ಹರಡದಿದ್ದರೆ ಬರೀ ಮಣ್ಣು. ವಾರಕ್ಕೊಮ್ಮೆ ಹೀಗೆ ನೋಡಿ. ಮೂರು ತಿಂಗಳು ಒಂದು ಡೋಸೂ ತಪ್ಪದೆ ಎಲ್ಲವನ್ನೂ ಮಾಡಿದ ಮೇಲೂ ಕೆಂಪು ಹರಡುತ್ತಿದ್ದರೆ ಆಗ ಔಷಧಿ ಬದಲಿಸಲು ವೈದ್ಯರನ್ನು ಕೇಳಿ. ಗುದದ್ವಾರದ ಬಳಿ ಅಕ್ಕಿಕಾಳಿನಂಥ ಚೂರು ಕಂಡರೆ ಲಾಡಿಹುಳುವಿನ ಔಷಧಿಯೂ ಬೇಕು, ಏಕೆಂದರೆ ಚಿಗಟ ನುಂಗಿದಾಗ ಅದು ಹೊಟ್ಟೆ ಸೇರುತ್ತದೆ. ಮರಿಯ ಒಸಡು ಬಿಳಿಚಿದ್ದರೆ ರಕ್ತ ಕಡಿಮೆಯಾಗಿರಬಹುದು. ಅವತ್ತೇ ವೈದ್ಯರಿಗೆ ತೋರಿಸಿ.