ಪಬ್ಬಿನಲ್ಲಿ ಎಲ್ಲಿ ಕೂತರೆ ಹಾಡು ಚೆನ್ನಾಗಿ ಕೇಳುತ್ತದೆ?

ಶುಕ್ರವಾರ ರಾತ್ರಿ ಒಂಬತ್ತೂವರೆ ಆಗುವ ಹೊತ್ತಿಗೆ ನನ್ನ ಮಿಕ್ಸರ್, ಅಂದರೆ ಬ್ಯಾಂಡ್‌ನ ಸದ್ದನ್ನೆಲ್ಲ ಹೊಂದಿಸುವ ಯಂತ್ರದ ಹತ್ತಿರ ಇಬ್ಬರು ಬಂದೇ ಬರುತ್ತಾರೆ. ಮೊದಲನೆಯವರು ಸ್ಪೀಕರ್ ಪಕ್ಕದ ಟೇಬಲ್‌ನಿಂದ ಎದ್ದು ಬಂದವರು. ‘ಸಾರ್, ಸ್ವಲ್ಪ ಕಮ್ಮಿ ಮಾಡ್ತೀರಾ, ಎದುರಿಗೆ ಕೂತೋರ ಮಾತೇ ಕೇಳಿಸ್ತಿಲ್ಲ’ ಅನ್ನುತ್ತಾರೆ. ಐದು ನಿಮಿಷಕ್ಕೆ ಬಾರ್ ಕೌಂಟರ್ ಕಡೆಯಿಂದ ಇನ್ನೊಬ್ಬ ಹುಡುಗ ಬರುತ್ತಾನೆ: ‘ಅಣ್ಣಾ, ಏನ್ ಹಾಡ್ತಿದಾರೆ ಅಂತಾನೇ ಗೊತ್ತಾಗ್ತಿಲ್ಲ, ಜಾಸ್ತಿ ಮಾಡಿ.’ ಇಬ್ಬರ ಮಾತೂ ನಿಜ. ಕೋಣೆ ಒಂದೇ, ಬ್ಯಾಂಡ್ ಒಂದೇ. ಕಿವಿಗೆ ಬೀಳುತ್ತಿರುವುದು ಮಾತ್ರ ಬೇರೆ ಬೇರೆ. ಇಬ್ಬರಿಗೂ ಬೇಕಾಗಿರುವುದು ಸ್ಪಷ್ಟತೆ. ಅದನ್ನು ಅವರು ವಾಲ್ಯೂಮ್ ಹೆಸರಲ್ಲಿ ಕೇಳುತ್ತಿದ್ದಾರೆ.

ಹದಿನೆಂಟು ವರ್ಷದಿಂದ ನಾನು ಬೆಂಗಳೂರಿನ ಪಬ್ಬು, ಬಾರು, ಸಣ್ಣ ಹಾಲ್‌ಗಳಲ್ಲಿ ಲೈವ್ ಸೌಂಡ್ ಮಾಡುತ್ತಿದ್ದೇನೆ. ಅದಕ್ಕೂ ಮೊದಲು ತುಮಕೂರಿನ ಒಂದು ಮೈಕ್‌ಸೆಟ್ ಅಂಗಡಿಯಲ್ಲಿದ್ದೆ. ಗಣೇಶನ ಪೆಂಡಾಲು, ಜಾತ್ರೆಯ ನಾಟಕ, ನವೆಂಬರ್ ತಿಂಗಳಿಡೀ ರಾಜ್ಯೋತ್ಸವದ ಆರ್ಕೆಸ್ಟ್ರಾ. ಕಂಬಕ್ಕೆ ಹಾರ್ನ್ ಕಟ್ಟಿ, ಅಹುಜಾ ಆಂಪ್ಲಿಫೈಯರ್ ಮುಂದೆ ಕೂತು ಕಲಿತ ಕೆಲಸ ಅದು. ಬಯಲಲ್ಲಿ ಬಿಟ್ಟ ಸದ್ದು ಹೋದದ್ದು ಹೋಯಿತು, ತಿರುಗಿ ಬರುವುದಿಲ್ಲ. ಸ್ಪೀಕರ್‌ನಿಂದ ನಿಮ್ಮ ದೂರ ದುಪ್ಪಟ್ಟಾದರೆ ಸುಮಾರು 6 ಡೆಸಿಬೆಲ್ ಕಡಿಮೆಯಾಗುತ್ತದೆ, ಲೆಕ್ಕ ಸರಳ. ನಾಲ್ಕು ಗೋಡೆಯೊಳಗೆ ಈ ಲೆಕ್ಕ ಕೆಲವೇ ಮೀಟರ್ ನಡೆಯುತ್ತದೆ. ಆಮೇಲೆ ನಿಮಗೆ ಕೇಳಿಸುವುದು ಹೆಚ್ಚಾಗಿ ಗೋಡೆ, ಗಾಜು, ಸೂರಿಗೆ ಬಡಿದು ವಾಪಸು ಬಂದ ಸದ್ದೇ. ಬಾರ್ ಕೌಂಟರ್ ಹತ್ತಿರ ನಿಂತ ಹುಡುಗನ ತೊಂದರೆ ಇದು. ಗಾಯಕಿಯ ಒಂದೊಂದು ಪದವೂ ಅವನನ್ನು ಹತ್ತಾರು ಸಲ, ಸ್ವಲ್ಪ ಸ್ವಲ್ಪ ತಡವಾಗಿ ತಲುಪುತ್ತಿದೆ. ನಾನು ವಾಲ್ಯೂಮ್ ಏರಿಸಿದರೆ ಆ ಹತ್ತಾರು ಪ್ರತಿಧ್ವನಿಗಳೂ ಅಷ್ಟೇ ಏರುತ್ತವೆ. ಸದ್ದು ಹೆಚ್ಚುತ್ತದೆ, ಹಾಡು ಇದ್ದಲ್ಲೇ ಇರುತ್ತದೆ.

ನಮ್ಮ ಊರಿನ ಹೊಸ ಪಬ್‌ಗಳ ಕಟ್ಟಡ ನೋಡಿ. ಬರಿಯ ಕಾಂಕ್ರೀಟ್ ಸೂರು, ಮೂರು ಕಡೆ ಗಾಜು, ಟೈಲ್ಸ್ ನೆಲ, ಕಬ್ಬಿಣದ ಕುರ್ಚಿ. ಕಣ್ಣಿಗೆ ಚೆಂದ, ಕಿವಿಗೆ ಕಷ್ಟ. ಹೊಸ ಜಾಗಕ್ಕೆ ಹೋದಾಗ, ಜನ ಸೇರುವ ಮೊದಲು, ಮಧ್ಯದಲ್ಲಿ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ‘ಟಪ್’ ಎಂದು ಅಲ್ಲೇ ಮುಗಿದರೆ ಒಳ್ಳೆಯ ಕೋಣೆ. ‘ಟಪ್ಪ್‌ರ್‌ರ್’ ಎಂದು ಬಾಲ ಉಳಿದರೆ ಅವತ್ತು ಡ್ರಮ್ಸ್ ಇರುವ ಬ್ಯಾಂಡ್ ಅಲ್ಲಿ ಗದ್ದಲವಾಗುತ್ತದೆ. ಗಿಟಾರ್ ಹಿಡಿದ ಒಬ್ಬರು, ಅಥವಾ ಇಬ್ಬರು ಹಾಡುವ ರಾತ್ರಿಗೆ ಆ ಜಾಗ ಇಟ್ಟುಕೊಳ್ಳಿ. ಇದನ್ನು ನಾನು ಮಾಲೀಕರಿಗೂ ಹೇಳುತ್ತೇನೆ: ಲಕ್ಷಗಟ್ಟಲೆ ಕೊಟ್ಟು ಇನ್ನೆರಡು ಸ್ಪೀಕರ್ ತರುವ ಬದಲು ದಪ್ಪ ಪರದೆ, ಸೂರಿಗೆ ಸದ್ದು ಹೀರುವ ಹಲಗೆ ಹಾಕಿಸಿ. ಕೇಳಿದವರು ಕೆಲವರು. ಅಲ್ಲೆಲ್ಲ ಹಾಡುವವರೂ ಬಂದವರೂ ಸುಖವಾಗಿದ್ದಾರೆ.

ಸಂಜೆ ಐದಕ್ಕೆ ಸೌಂಡ್‌ಚೆಕ್ ಮಾಡುವಾಗ ಕೋಣೆ ಖಾಲಿ. ಒಂಬತ್ತಕ್ಕೆ ಇನ್ನೂರು ಜನ. ಮನುಷ್ಯನ ಮೈ, ಬಟ್ಟೆ, ಕೂದಲು ಎತ್ತರದ ಸ್ವರಗಳನ್ನು ಚೆನ್ನಾಗಿ ಹೀರುತ್ತವೆ. ಕೆಳಗಿನ ಸ್ವರಗಳಿಗೆ ಜನ ಲೆಕ್ಕಕ್ಕೇ ಇಲ್ಲ. 50 ಹರ್ಟ್ಸ್‌ನ ಬೇಸ್ ಅಲೆ ಸುಮಾರು 7 ಮೀಟರ್ ಉದ್ದ, 10,000 ಹರ್ಟ್ಸ್‌ನದು ಮೂರೂವರೆ ಸೆಂಟಿಮೀಟರ್ ಕೂಡ ಇಲ್ಲ. ಮುಂದೆ ನಿಂತವರ ತಲೆಯೇ ಈ ಸಣ್ಣ ಅಲೆಗೆ ಗೋಡೆ. ‘ಸ’, ‘ಶ’, ‘ತ’, ‘ಟ’ಗಳನ್ನು ಬೇರೆಬೇರೆಯಾಗಿ ಕೇಳಿಸುವುದು ಈ ಎತ್ತರದ ಭಾಗವೇ. ಅದು ಹೋದರೆ ರಾಗ ಉಳಿಯುತ್ತದೆ, ಸಾಹಿತ್ಯ ಹೋಗುತ್ತದೆ. ರಘು ದೀಕ್ಷಿತ್ ಪ್ರಾಜೆಕ್ಟ್, ಸ್ವರಾತ್ಮದಂಥ ತಂಡಗಳು ಬಂದ ಮೇಲೆ ಪಬ್ಬಿನ ವೇದಿಕೆಯಲ್ಲಿ ಕನ್ನಡ ಕೇಳುವುದು ಅಪರೂಪವಲ್ಲ. ಕನ್ನಡದ ಹಾಡಿಗೆ ಬಂದವರು ಪದ ಹಿಡಿದು ಜೊತೆಗೆ ಹಾಡಲು ಬಂದಿರುತ್ತಾರೆ, ಅವರಿಗೆ ಪದ ತಲುಪಿಸದಿದ್ದರೆ ನನ್ನ ಕೆಲಸ ಆಗಲಿಲ್ಲ ಎಂದೇ ಅರ್ಥ. ಅದಕ್ಕೇ ಸ್ಪೀಕರ್‌ಗಳನ್ನು ನಿಂತವರ ತಲೆಗಿಂತ ಎತ್ತರಕ್ಕೆ ಏರಿಸಿ, ಮೂತಿಯನ್ನು ಕೇಳುವವರ ಕಡೆಗೆ ಬಾಗಿಸಿ ಇಡುತ್ತೇವೆ. ನೆಲದ ಮೇಲೆ ಸ್ಪೀಕರ್ ಇಟ್ಟಿರುವ ಪಬ್ಬಿನಲ್ಲಿ ಮೊದಲ ಸಾಲಿನವರಿಗೆ ಕಿವಿ ನೋವು, ಮೂರನೇ ಸಾಲಿನವರಿಗೆ ಬರೀ ಗೊಜಗೊಜ.

ಸಣ್ಣ ಜಾಗದಲ್ಲಿ ವಾಲ್ಯೂಮ್ ನಿರ್ಧರಿಸುವವನು ನಾನಲ್ಲ, ಡ್ರಮ್ಮರ್. ಇದು ಬಹಳ ಜನರಿಗೆ ಗೊತ್ತಿಲ್ಲ. ಮೈಕ್ ಇಲ್ಲದೆಯೇ ಒಂದು ಡ್ರಮ್ ಸೆಟ್ ಸಣ್ಣ ಕೋಣೆಯಲ್ಲಿ 100 ಡೆಸಿಬೆಲ್ ದಾಟಬಲ್ಲದು. ಅದನ್ನು ಇಳಿಸುವ ಗುಂಡಿ ನನ್ನ ಮಿಕ್ಸರ್‌ನಲ್ಲಿ ಇಲ್ಲ. ಗಾಯಕಿಯ ದನಿ ಅದರ ಮೇಲೆ ತೇಲಬೇಕು, ಗಿಟಾರ್ ಅದಕ್ಕೆ ಸಮನಾಗಬೇಕು, ಗಿಟಾರ್ ಏರಿತೆಂದು ಬೇಸ್ ಏರಬೇಕು. ಗಾಯಕಿ ತನ್ನ ದನಿ ತನಗೇ ಕೇಳಿಸದೆ ಮಾನಿಟರ್, ಅಂದರೆ ಹಾಡುವವರ ಕಡೆಗೆ ತಿರುಗಿಸಿಟ್ಟ ಸ್ಪೀಕರ್, ಜಾಸ್ತಿ ಮಾಡಿ ಅನ್ನುತ್ತಾರೆ, ಆ ಮಾನಿಟರ್ ಸದ್ದು ಅವರ ಮೈಕ್‌ಗೇ ನುಗ್ಗಿ ‘ಕೂಂಯ್’ ಅನ್ನುತ್ತದೆ. ಜನ ತಿರುಗಿ ನನ್ನ ಮುಖ ನೋಡುತ್ತಾರೆ. ಕೋಲಿನ ಬದಲು ಸಣ್ಣ ಕಡ್ಡಿಗಳ ಕಟ್ಟಿನಂಥ ರಾಡ್ಸ್ ಹಿಡಿದು, ಮೈ ಹಿಡಿತದಲ್ಲಿಟ್ಟುಕೊಂಡು ನುಡಿಸುವ ಡ್ರಮ್ಮರ್ ಸಿಕ್ಕ ರಾತ್ರಿ ನನಗೆ ಹಬ್ಬ. ಮೆತ್ತಗೆ ನುಡಿಸಿಯೂ ಹಾಡಿನ ಕಾವು ಉಳಿಸುವುದು ಜೋರಾಗಿ ನುಡಿಸುವುದಕ್ಕಿಂತ ಕಷ್ಟದ ವಿದ್ಯೆ. ಅಂಥವರಿಗೆ ಚಪ್ಪಾಳೆ ಸಾಲದು ಅನ್ನಿಸುತ್ತದೆ.

ಇನ್ನೊಂದು ಕಡೆಯಿಂದ ಏರುವುದು ಮಾತು. ಸುತ್ತ ಸದ್ದಿದ್ದರೆ ಮನುಷ್ಯ ತನಗೆ ಅರಿವಿಲ್ಲದೆಯೇ ದನಿ ಎತ್ತುತ್ತಾನೆ. ಪಕ್ಕದ ಟೇಬಲ್‌ನವರು ಅದಕ್ಕಿಂತ ಎತ್ತುತ್ತಾರೆ. ಎರಡನೇ ಬಿಯರ್ ಮುಗಿಯುವ ಹೊತ್ತಿಗೆ, ಹಾಡು ಇಲ್ಲದೆಯೂ, ತುಂಬಿದ ಪಬ್ಬಿನ ಬರೀ ಮಾತು 80 ಡೆಸಿಬೆಲ್ ದಾಟಿರುತ್ತದೆ. ಆ ಮಾತಿನ ಮೇಲೆ ಹಾಡು ಹತ್ತಿಸಬೇಕು, ಹಾಡಿನ ಮೇಲೆ ಜನ ಮಾತು ಹತ್ತಿಸುತ್ತಾರೆ. ನಾನು ರೂಢಿ ಮಾಡಿಕೊಂಡಿರುವ ಒಂದು ಕ್ರಮವಿದೆ: ಮೊದಲ ಹಾಡಿಗಿಂತ ಎರಡನೆಯದನ್ನು ಕೊಂಚ ಇಳಿಸುತ್ತೇನೆ. ಕೇಳುವ ಮನಸ್ಸಿದ್ದವರು ಮಾತು ತಗ್ಗಿಸಿ ಮುಂದಕ್ಕೆ ಬಾಗುತ್ತಾರೆ. ಎಲ್ಲ ರಾತ್ರಿಯೂ ಇದು ನಡೆಯುವುದಿಲ್ಲ, ಕಂಪನಿಯ ಪಾರ್ಟಿಯವರು ಇಪ್ಪತ್ತು ಜನ ಬಂದು ಕೂತ ದಿನವಂತೂ ಇಲ್ಲವೇ ಇಲ್ಲ.

ಹಾಗಾದರೆ ಎಲ್ಲಿ ಕೂರುವುದು? ಮಿಕ್ಸರ್ ಎಲ್ಲಿದೆ ಹುಡುಕಿ, ಅದರ ಆಸುಪಾಸಿನ ಟೇಬಲ್ ಕೇಳಿ. ನಾನು ಅವತ್ತಿನ ಹಾಡನ್ನು ಹೊಂದಿಸುವುದು ನನ್ನ ಕಿವಿ ಇರುವ ಜಾಗದಿಂದಲೇ, ಅಲ್ಲಿಗೆ ಅದು ಸರಿಯಾಗಿಯೇ ಕೇಳುತ್ತದೆ. ಎರಡು ಸ್ಪೀಕರ್‌ಗಳ ಜೊತೆ ನೀವು ಒಂದು ತ್ರಿಕೋನದ ಮೂರನೇ ಮೂಲೆಯಾಗುವಂತಿದ್ದರೆ ಇನ್ನೂ ಒಳ್ಳೆಯದು. ಕೋಣೆಯ ಮೂಲೆ ಬೇಡ, ಬೇಸ್ ಅಲ್ಲಿ ಬಂದು ಗುಡ್ಡೆ ಬೀಳುತ್ತದೆ. ಅಟ್ಟದ ಕೆಳಗೆ ಬೇಡ, ಎತ್ತರದ ಸ್ಪೀಕರ್‌ಗೆ ಅದು ಮರೆ. ಮಾತೂ ಬೇಕು ಹಾಡೂ ಬೇಕು ಎನ್ನುವವರು ಸ್ಪೀಕರ್‌ಗಳ ಮೂತಿಯ ದಾರಿ ಬಿಟ್ಟು ಪಕ್ಕಕ್ಕೆ, ಹಿಂದಕ್ಕೆ ಕೂರಬೇಕು. ಬುಕ್ ಮಾಡುವಾಗಲೇ ಇದನ್ನು ಹೇಳಬಹುದು, ಮ್ಯಾನೇಜರ್‌ಗಳು ಕೊಡುತ್ತಾರೆ. ಇನ್ನೊಂದು, ಮೊದಲ ಸೆಟ್ ತಪ್ಪಿಸಬೇಡಿ. ಎಂಟೂವರೆಗೆ ಶುರುವಾಗುವ ಆ ಮುಕ್ಕಾಲು ಗಂಟೆಯಲ್ಲಿ ನುಡಿಸುವವರ ಬೆರಳು ಹೊಸತು, ಗಂಟಲು ಹೊಸತು, ನನ್ನ ಕಿವಿಯೂ ದಣಿದಿರುವುದಿಲ್ಲ. ದಣಿದ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನೇ, ಅದನ್ನು ತುಂಬಲು ಕೈ ತಾನಾಗಿ ಗುಂಡಿ ಏರಿಸುತ್ತದೆ. ಅದಕ್ಕೇ ನಾನು ಕಿವಿಯೊಂದನ್ನೇ ನಂಬದೆ ಮಿಕ್ಸರ್ ಮೇಲೆ ಡೆಸಿಬೆಲ್ ಮೀಟರ್ ಇಟ್ಟಿರುತ್ತೇನೆ. ಇಂದಿರಾನಗರ, ಎಂ.ಜಿ. ರಸ್ತೆ ಕಡೆ ಬರುವವರಿಗೆ ಬೇಗ ಬಂದರೆ ಕೊನೆಯ ಮೆಟ್ರೊ ಕೂಡ ಸಿಗುತ್ತದೆ, ಕುಡಿದು ಗಾಡಿ ಮುಟ್ಟುವ ಮಾತೇ ಬರುವುದಿಲ್ಲ.

ಕಿವಿಯ ವಿಷಯ ನಿಧಾನವಾಗಿ ಓದಿ. ಅಪಾಯ ಸದ್ದಿನ ಎತ್ತರದಲ್ಲಿ ಎಷ್ಟಿದೆಯೋ, ಕೇಳಿದ ಹೊತ್ತಿನಲ್ಲೂ ಅಷ್ಟೇ ಇದೆ. ಕೆಲಸದ ಜಾಗಗಳಿಗೆ ಅಮೆರಿಕದ ಸುರಕ್ಷತಾ ತಜ್ಞರು ಹಾಕಿಕೊಟ್ಟ ಲೆಕ್ಕ ನಮ್ಮ ವೃತ್ತಿಯಲ್ಲಿ ಬಾಯಿಪಾಠ: 85 ಡೆಸಿಬೆಲ್ ಆದರೆ 8 ಗಂಟೆ, ಮುಂದೆ ಪ್ರತಿ 3 ಡೆಸಿಬೆಲ್‌ಗೂ ಹೊತ್ತು ಅರ್ಧ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆಂದೇ ಮಾನದಂಡ ಪ್ರಕಟಿಸಿತು. 15 ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದು, ಸದ್ದನ್ನು ಅಳೆಯುತ್ತಿರಬೇಕು, ಬಂದವರಿಗೆ ಇಯರ್‌ಪ್ಲಗ್ ಸಿಗಬೇಕು, ಕಿವಿಗೆ ಬಿಡುವು ಕೊಡಲು ಶಾಂತವಾದ ಒಂದು ಮೂಲೆ ಇರಬೇಕು ಎಂದು ಅದು ಹೇಳುತ್ತದೆ. ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15,000. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಮನೆಗೆ ಹೋಗಿ ಮಲಗಿದಾಗ ಕಿವಿಯಲ್ಲಿ ‘ಕುಂಯ್’ ಅನ್ನುತ್ತಿದ್ದರೆ ಅವತ್ತು ಅಳತೆ ಮೀರಿತು ಎಂದು ತಿಳಿಯಿರಿ. ಅದು ಒಂದೆರಡು ದಿನಕ್ಕೂ ಹೋಗದಿದ್ದರೆ, ಅಥವಾ ಒಂದು ಕಿವಿ ಥಟ್ಟನೆ ಮಂದವಾದರೆ, ಕಾಯದೆ ಕಿವಿಯ ಡಾಕ್ಟರ ಬಳಿ ಹೋಗಿ. ಮೈಸೂರು ಕಡೆಯವರಿಗೆ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಇಯರ್‌ಪ್ಲಗ್ ಹಾಕಿದರೆ ಹಾಡು ಕೆಡುತ್ತದೆ ಎಂದು ಅನೇಕರು ಹಿಂಜರಿಯುತ್ತಾರೆ. ಸ್ಪಂಜಿನದು ಎತ್ತರದ ಸ್ವರಗಳನ್ನೇ ಹೆಚ್ಚು ತಿನ್ನುವುದರಿಂದ ಆ ಮಾತು ಸ್ವಲ್ಪ ನಿಜ. ಸಂಗೀತಗಾರರಿಗೆಂದು ಮಾಡಿದ ಫಿಲ್ಟರ್ ಇರುವ ಪ್ಲಗ್ ಎಲ್ಲ ಸ್ವರವನ್ನೂ ಹೆಚ್ಚೂಕಮ್ಮಿ ಸಮನಾಗಿ ಇಳಿಸುತ್ತದೆ. ಗದ್ದಲದ ಕೋಣೆಯಲ್ಲಿ ಅದನ್ನು ಹಾಕಿಕೊಂಡರೆ ಪದ ಇನ್ನೂ ಬಿಡಿಬಿಡಿಯಾಗಿ ಕೇಳುತ್ತದೆ, ಒಮ್ಮೆ ಹಾಕಿ ನೋಡಿ. ನನ್ನ ಜೊತೆ ಕೇಬಲ್ ಸುತ್ತುವ ಹುಡುಗರಿಗೆ ಮೊದಲ ದಿನವೇ ಒಂದು ಜೊತೆ ಕೊಡುತ್ತೇನೆ. ನೀವು ಮೂರು ಗಂಟೆ ಇದ್ದು ಹೋಗುತ್ತೀರಿ, ಅವರು, ಬಾರ್ ಟೆಂಡರ್‌ಗಳು, ತಟ್ಟೆ ಎತ್ತುವವರು ವಾರಕ್ಕೆ ಆರು ರಾತ್ರಿ ಅದೇ ಸದ್ದಿನಲ್ಲಿ ಇರುತ್ತಾರೆ. ಅವರ ಕಿವಿಯನ್ನು ಕೇಳುವವರು ಯಾರೂ ಇಲ್ಲ ಎನ್ನುವುದು ನನ್ನನ್ನು ಬಹಳ ಕಾಡುತ್ತದೆ.

ಈ ಊರಿನ ಪಬ್ ಸಂಗೀತಕ್ಕೆ ದೊಡ್ಡ ಇತಿಹಾಸವಿದೆ. 1989ರಲ್ಲಿ ರೆಸ್ಟ್ ಹೌಸ್ ರಸ್ತೆಯಲ್ಲಿ ತೆರೆದ ಪೆಕೋಸ್‌ನಲ್ಲಿ ಕ್ಯಾಸೆಟ್‌ನ ರಾಕ್ ಕೇಳುತ್ತ ಒಂದು ತಲೆಮಾರೇ ಬೆಳೆಯಿತು. 2007ರಲ್ಲಿ ಅರಮನೆ ಮೈದಾನಕ್ಕೆ ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಾಗ ಅಲ್ಲಿ ಸೇರಿದ ಜನಸಾಗರದ ಕಿವಿ ಇಂಥ ಜಾಗಗಳಲ್ಲಿ ಹದಗೊಂಡದ್ದು. ಜೊತೆಗೇ ಪರವಾನಗಿಯ ಕಥೆಯೂ ಇದೆ. ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪೊಲೀಸರ ಪರವಾನಗಿ ಬೇಕೆನ್ನುವ 2005ರ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಆ ವರ್ಷ ಎಷ್ಟೋ ವೇದಿಕೆಗಳು ಮೌನವಾದವು. ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿದಾಗ ಹೊಸ ಬ್ಯಾಂಡ್‌ಗಳ ಒಂದು ಮನೆಯೇ ಹೋಯಿತು.

ಹತ್ತು ಗಂಟೆಗೆ ಟೆರೇಸಿನ ಬ್ಯಾಂಡ್ ನಿಲ್ಲಿಸಿದರೆ ಮ್ಯಾನೇಜರ್ ಮೇಲೆ ಕೂಗಾಡುವವರಿಗೆ ಒಂದು ವಿಷಯ ತಿಳಿದಿರಲಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬೇಕಾದರೆ ಅದು ಮುಚ್ಚಿದ ಆವರಣದೊಳಗೇ ಇರಬೇಕು. ಟೆರೇಸ್ ಮುಚ್ಚಿದ ಆವರಣವಲ್ಲ. ಬಾರ್ ರಾತ್ರಿ ಒಂದು ಗಂಟೆಯವರೆಗೆ ತೆರೆದಿರಬಹುದು, ಟೆರೇಸಿನ ಹಾಡು ಹತ್ತಕ್ಕೇ ಮುಗಿಯಬೇಕು. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್, ವಾಣಿಜ್ಯ ಪ್ರದೇಶದಲ್ಲಿ 55. ನಮ್ಮಲ್ಲಿ ಎರಡೂ ಒಂದೇ ಗೋಡೆಯ ಆಚೆ ಈಚೆ ಇರುತ್ತವೆ.

ಕೆಲವು ವರ್ಷದ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಪಬ್ಬಿನ ಹಿಂದಿನ ಮನೆಯಿಂದ ಪದೇಪದೇ ದೂರು ಬರುತ್ತಿತ್ತು. ಒಳಗೆ ಮೀಟರ್ ಸರಿಯಾಗಿಯೇ ಇತ್ತು. ಒಂದು ರಾತ್ರಿ ಮಿಕ್ಸರನ್ನು ಜೊತೆಯ ಹುಡುಗನಿಗೆ ಒಪ್ಪಿಸಿ ಆ ಮನೆಗೇ ಹೋದೆ. ಎಪ್ಪತ್ತು ದಾಟಿದ ಅಮ್ಮ ಒಬ್ಬರು ಬಾಗಿಲು ತೆಗೆದರು. ‘ನಿಮ್ಮ ಹಾಡು ನನಗೆ ಒಂದೂ ಕೇಳ್ಸಲ್ಲಪ್ಪ, ಬರೀ ಧಬ್ ಧಬ್ ಅನ್ನತ್ತೆ. ಎದೆ ಮೇಲೆ ಯಾರೋ ಕುಟ್ಟಿದ ಹಾಗೆ’ ಎಂದರು. ಅವರ ಅಡುಗೆಮನೆಯಲ್ಲಿ ನಿಂತೆ. ಗೋಡೆ ದಾಟಿ ಬರುತ್ತಿದ್ದುದು ಆ ಉದ್ದದ ಬೇಸ್ ಅಲೆ ಮಾತ್ರ, ಉಳಿದ ಸಂಗೀತವನ್ನೆಲ್ಲ ಗೋಡೆ ಇಟ್ಟುಕೊಂಡಿತ್ತು. ಶೆಲ್ಫಿನ ಮೇಲೆ ಬೋರಲು ಹಾಕಿದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಗುಂಯ್‌ಗುಡುತ್ತಿದ್ದವು. ಹುಡುಗನಿಗೆ ಫೋನ್ ಮಾಡಿ ಕೆಳಗಿನಿಂದ ಒಂದೊಂದೇ ಸ್ವರ ಕತ್ತರಿಸುತ್ತ ಬರಲು ಹೇಳಿದೆ. 40, 50, 60 ಹರ್ಟ್ಸ್. ಲೋಟಗಳು ಸುಮ್ಮನಾದವು.

‘ನಿಲ್ಸಿಬಿಟ್ರೇನಪ್ಪ?’ ಎಂದರು ಅಮ್ಮ.

‘ಇಲ್ಲಮ್ಮ, ಇನ್ನೂ ಹಾಡ್ತಿದಾರೆ.’

ಮಾರನೆಯ ದಿನ ಬೇಸ್ ಹೊರಡಿಸುವ ದೊಡ್ಡ ಸ್ಪೀಕರ್ ಸಬ್‌ವೂಫರನ್ನು ಆ ಗೋಡೆಯಿಂದ ದೂರ ಎಳೆದು, ಅಡಿಗೆ ದಪ್ಪ ರಬ್ಬರ್ ಹಾಕಿದೆವು. ಕತ್ತರಿಸಿದ ಆ ಸೆಟ್ಟಿಂಗ್ ಮಿಕ್ಸರ್‌ನಲ್ಲಿ ‘ಅಮ್ಮ’ ಅನ್ನುವ ಹೆಸರಿನಲ್ಲಿ ಉಳಿದಿದೆ, ಹತ್ತು ಗಂಟೆಗೆ ಅದನ್ನು ಒತ್ತುತ್ತೇವೆ. ಒಳಗೆ ಕುಣಿಯುವವರು ಯಾರೂ ಇದುವರೆಗೆ ಬಂದು ಬೇಸ್ ಕಮ್ಮಿಯಾಯಿತು ಎಂದಿಲ್ಲ.