ಹಮೀದ್, ನಾಣಿ, ಎಸ್ತಾ: ಮುಗ್ಧತೆಯನ್ನು ಕಥೆಯಲ್ಲಿ ಎಲ್ಲಿ ಹುಡುಕಬೇಕು?

ವಿಜಯಪುರದಲ್ಲಿ ನನ್ನ ಜೊತೆ ಎಂ.ಎ. ಪರೀಕ್ಷೆಗೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಕಥಾಸಾರ ಎಲ್ಲರಿಗೂ ಗೊತ್ತಿದೆ ಎಂದುಕೊಂಡು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಪ್ರೇಮಚಂದರ ‘ಈದ್‌ಗಾಹ್’ (1933) ಕಥೆಯ ಹಮೀದನನ್ನು ‘ಮುಗ್ಧ ಬಾಲಕ’ ಎಂದು ಬರೆದು ಮುಂದೆ ಹೋಗುವುದು ಸುಲಭ. ಆದರೆ ನಾಲ್ಕೈದು ವರ್ಷದ ಈ ಹುಡುಗ ಲೆಕ್ಕದಲ್ಲಿ ಪಕ್ಕಾ. ಕೈಯಲ್ಲಿರುವುದು ಮೂರು ಪೈಸೆ. ಈದ್ ಜಾತ್ರೆಯಲ್ಲಿ ಅಜ್ಜಿಗೆಂದು ಕೇಳಿದ ಚಿಮಟಕ್ಕೆ (ರೊಟ್ಟಿ ಮಗುಚುವ ಇಕ್ಕಳಕ್ಕೆ) ಅಂಗಡಿಯವನು ಆರು ಪೈಸೆ ಹೇಳಿ ಐದಕ್ಕೆ ಇಳಿದರೂ ಇವನು ಮೂರಕ್ಕೇ ಕೇಳಿ ಪಡೆಯುತ್ತಾನೆ. ಮಣ್ಣಿನ ಸಿಪಾಯಿ, ವಕೀಲರ ಗೊಂಬೆ ಕೊಂಡ ಗೆಳೆಯರು ನಕ್ಕಾಗ ವಾದ ಮಾಡಿ ಅವರ ಬಾಯಿ ಮುಚ್ಚಿಸುತ್ತಾನೆ. ಒಲೆಯ ಮುಂದೆ ಕುಳಿತು ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲಿ ಮಗುಚುವ ಅಜ್ಜಿಯರನ್ನು ಕಂಡ ನಮ್ಮ ಕಡೆಯವರಿಗೆ ಅವನ ಅಜ್ಜಿ ಅಮೀನಾಳ ಸುಟ್ಟ ಬೆರಳುಗಳ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟೆಲ್ಲ ತಿಳಿದ ಹುಡುಗ ಮುಗ್ಧ ಹೇಗಾದ?

ಎಲ್ಲರೂ ತಡವರಿಸುವ ಜಾಗ ಇದೇ, ಆದ್ದರಿಂದ ನಿಧಾನವಾಗಿ ಬಿಡಿಸುತ್ತೇನೆ. ಕಥೆಯ ಆರಂಭದ ಭಾಗವನ್ನು ಮತ್ತೆ ಓದಿ. ತಂದೆ ಕಾಲರಾದಿಂದ ತೀರಿಕೊಂಡ, ತಾಯಿಯೂ ಕಾಯಿಲೆ ಬಿದ್ದು ಸತ್ತಳು ಎಂದು ನಿರೂಪಕ ನಮಗೆ ತಿಳಿಸುತ್ತಾನೆ. ಅದರ ಬೆನ್ನಿಗೇ ಹಮೀದನ ನಂಬಿಕೆ ಬರುತ್ತದೆ: ಅಪ್ಪ ಹಣ ಗಳಿಸಲು ಹೋಗಿದ್ದಾರೆ, ಅಮ್ಮ ಅಲ್ಲಾನ ಮನೆಯಿಂದ ಒಳ್ಳೊಳ್ಳೆಯ ವಸ್ತು ತರಲು ಹೋಗಿದ್ದಾಳೆ. ಹುಡುಗನಿಗೆ ಇದರಿಂದ ಖುಷಿ, ಓದುವ ನಮಗೆ ಸಂಕಟ. ಅವನಿಗೆ ತಿಳಿಯದ್ದು ನಮಗೆ ತಿಳಿದಿದೆ, ಮುಗ್ಧತೆ ಹುಟ್ಟುವುದು ಈ ಅಂತರದಲ್ಲಿ. ಅದು ಹುಡುಗನ ಸ್ವಭಾವದಷ್ಟೇ ನಿರೂಪಣೆಯ ಕೆಲಸವೂ ಹೌದು. ಹಾಗಾಗಿ ಯಾವುದೇ ಕಥೆ ಎದುರಾದರೂ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ: ನೋಡುವವರು ಯಾರು? ಹೇಳುವವರು ಯಾರು? ಅರ್ಥವಾಗುವುದು ಯಾರಿಗೆ?

ಅನಂತಮೂರ್ತಿಯವರ ‘ಘಟಶ್ರಾದ್ಧ’ಕ್ಕೆ ಇದೇ ಪ್ರಶ್ನೆ ಹಾಕಿ. ನೋಡುವವನೂ ಹೇಳುವವನೂ ಉಡುಪರ ಮನೆಯಲ್ಲಿ ವೇದ ಕಲಿಯುವ ಹುಡುಗ ನಾಣಿಯೇ. ಪಕ್ಕದಲ್ಲಿ ನಿಂತು ನಿಜ ತಿಳಿಸುವ ಇನ್ನೊಂದು ದನಿ ಇಲ್ಲಿಲ್ಲ. ಉಡುಪರ ಮಗಳು, ಬಸಿರಾದ ವಿಧವೆ ಯಮುನಕ್ಕನ ಭಯ ಅವನಿಗೆ ಕಾಣುತ್ತದೆ, ಆ ಭಯದ ಬೇರು ಪೂರ್ತಿ ತಿಳಿಯುವುದಿಲ್ಲ. ಅವನ ಕಣ್ಣಿನಿಂದಲೇ ನೋಡುತ್ತ ಅವನಿಗಿಂತ ಮೊದಲು ನಾವು ಅರಿಯಬೇಕು. ಬದುಕಿರುವ ಮಗಳಿಗೆ ಉಡುಪರು ಶ್ರಾದ್ಧ ಮಾಡುವ ಕ್ರೌರ್ಯ ಇಲ್ಲಿ ಅಷ್ಟು ಬೆತ್ತಲಾಗಿ ಕಾಣುವುದಕ್ಕೆ ಕಾರಣ, ಅದನ್ನು ಸಮರ್ಥಿಸುವ ಶಾಸ್ತ್ರದ ಮಾತು ಹುಡುಗನ ನಾಲಿಗೆಗೆ ಇನ್ನೂ ಹತ್ತಿಲ್ಲ.

ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಬಗ್ಗೆ ಎರಡು ಸಾಲು ಸಾಕು. ಹುಡುಗ ಸ್ವಾಮಿಗೆ ತಿಳಿದದ್ದಕ್ಕೂ ನಮಗೆ ತಿಳಿದದ್ದಕ್ಕೂ ಇರುವ ಅಂತರ ಅಲ್ಲಿ ನಗೆ ತರಿಸುತ್ತದೆ.

ಅರುಂಧತಿ ರಾಯ್ ಅವರ ‘ದಿ ಗಾಡ್ ಆಫ್ ಸ್ಮಾಲ್ ಥಿಂಗ್ಸ್’ (1997) ಮಾತ್ರ ಬಿಡಬೇಡಿ. ಏಳು ವರ್ಷದ ಎಸ್ತಾ ಪೊಲೀಸ್ ಠಾಣೆಯಲ್ಲಿ ‘ಹೌದು’ ಎನ್ನುತ್ತಾನೆ. ನಿರಪರಾಧಿ ದಲಿತ ಬಡಗಿ ವೆಳುತ್ತನ ಮೇಲೆ ಹೊರಿಸಿದ, ಮಕ್ಕಳನ್ನು ಅಪಹರಿಸಿದ ಎಂಬ ಸುಳ್ಳಿಗೆ ಅದೇ ಒಂದು ಮಾತು ಮುದ್ರೆಯಾಗುತ್ತದೆ. ಇಲ್ಲಿ ದೊಡ್ಡವರು ಮಗುವಿನ ಮುಗ್ಧತೆಯನ್ನೇ ಆಯುಧ ಮಾಡಿಕೊಂಡಿದ್ದಾರೆ. ಮಾತು ಬಿಟ್ಟ, ಮೂವತ್ತೊಂದರ ಎಸ್ತಾನನ್ನು ಲೇಖಕಿ ಮೊದಲೇ ತೋರಿಸಿರುವುದರಿಂದ ಮೂರನೆಯ ಪ್ರಶ್ನೆಗೆ ಹೊಸ ಉತ್ತರ ಸಿಗುತ್ತದೆ: ಅರ್ಥವಾಗುವುದು ಅದೇ ಮಗುವಿಗೆ, ತಡವಾಗಿ. ದೀರ್ಘ ಉತ್ತರದಲ್ಲಿ ಹಮೀದ್ ಮತ್ತು ನಾಣಿಯನ್ನು ಹೋಲಿಸಿದ ಮೇಲೆ ಇವನಿಗೆ ಒಂದು ಇಡೀ ಪ್ಯಾರಾ ಉಳಿಸಿಕೊಳ್ಳಿ.