ಸಿಮ್ಯುಲೇಶನ್ ಪರೀಕ್ಷೆಯಲ್ಲಿ ಅಂಕ ಯಾವುದಕ್ಕೆ?

ನಮ್ಮ ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ಪ್ರಾಯೋಗಿಕ ಪರೀಕ್ಷೆಗೆ 30 ಅಂಕಗಳಿವೆ. ತಂತಿಯೊಂದರ ನೆರವಿನಿಂದ ವಿದ್ಯುತ್ ರೋಧವನ್ನು ಅಳೆಯುವ ಮೀಟರ್ ಬ್ರಿಡ್ಜ್ ಪ್ರಯೋಗ ಬಂದ ಇಬ್ಬರು ವಿದ್ಯಾರ್ಥಿಗಳನ್ನು ಊಹಿಸಿಕೊಳ್ಳೋಣ. ಒಬ್ಬಳ ಮೇಜಿನಲ್ಲಿ ತಿರುಪುಗಳೆಲ್ಲ ಬಿಗಿಯಾಗಿವೆ, ತಂತಿ ಹೊಸದು. ಇನ್ನೊಬ್ಬನ ಮೇಜಿನಲ್ಲಿ ತಂತಿ ಸವೆದಿದೆ, ಒಂದು ಜೋಡಣೆ ಸಡಿಲವಾಗಿದೆ. ಆದ್ದರಿಂದ ಜಾಕಿಯನ್ನು, ಅಂದರೆ ತಂತಿಗೆ ಮುಟ್ಟಿಸುವ ಲೋಹದ ಕಡ್ಡಿಯನ್ನು, ತಂತಿಯ ಯಾವ ತುದಿಗೆ ಒತ್ತಿದರೂ ವಿದ್ಯುತ್ ಹರಿವನ್ನು ತೋರಿಸುವ ಗ್ಯಾಲ್ವನೋಮೀಟರಿನ ಮುಳ್ಳು ಒಂದೇ ಕಡೆಗೆ ವಾಲುತ್ತದೆ. ಇಬ್ಬರಿಗೂ ವಿಷಯ ಸಮಾನವಾಗಿ ತಿಳಿದಿದ್ದರೂ ಉತ್ತರಪತ್ರಿಕೆಯಲ್ಲಿ ಉಳಿಯುವ ಅಳತೆಗಳು ಬೇರೆಬೇರೆ. ಹಲವು ಮೇಜುಗಳನ್ನು ಒಟ್ಟಿಗೆ ನೋಡಬೇಕಾದ ಪರೀಕ್ಷಕರಿಗೆ ಪ್ರತಿಯೊಬ್ಬರ ಪಕ್ಕದಲ್ಲಿ ನಿಂತು ಅವರು ಹೇಗೆ ಯೋಚಿಸಿದರೆಂದು ಗಮನಿಸುವ ಅವಕಾಶವೂ ಇರುವುದಿಲ್ಲ.

ಪ್ರಯೋಗವನ್ನು ಕಂಪ್ಯೂಟರ್ ಪರದೆಯ ಮೇಲೆ ಅನುಕರಿಸುವ ಸಿಮ್ಯುಲೇಶನ್ ತಂತ್ರಾಂಶದ ಮೂಲಕ ಮೌಲ್ಯಮಾಪನ ಮಾಡಬೇಕೆಂಬ ವಾದಕ್ಕೆ ಬಲ ಬರುವುದು ಇಲ್ಲಿಯೇ. ಎಲ್ಲರಿಗೂ ಒಂದೇ ಗುಣಮಟ್ಟದ ಉಪಕರಣ ಸಿಗುತ್ತದೆ; ಜೊತೆಗೆ ವಿದ್ಯಾರ್ಥಿ ಇಟ್ಟ ಪ್ರತಿಯೊಂದು ಹೆಜ್ಜೆಯೂ ದಾಖಲಾಗುತ್ತದೆ. ಈ ಎರಡನೆಯ ಅನುಕೂಲವೇ ಹೆಚ್ಚು ಮಹತ್ವದ್ದು ಎಂದು ನನ್ನ ಅಭಿಪ್ರಾಯ.

ಹದಿನೈದು ವರ್ಷದ ವಿದ್ಯಾರ್ಥಿಗಳಿಗಾಗಿ ಒಇಸಿಡಿ ಎಂಬ ಅಂತರರಾಷ್ಟ್ರೀಯ ಆರ್ಥಿಕ ಸಹಕಾರ ಸಂಸ್ಥೆ ಹಲವು ದೇಶಗಳಲ್ಲಿ ನಡೆಸುವ ಪಿಸಾ ಪರೀಕ್ಷೆ 2015ರಲ್ಲಿ ಬಹುಪಾಲು ದೇಶಗಳಲ್ಲಿ ಕಂಪ್ಯೂಟರಿನ ಮೇಲೆಯೇ ನಡೆಯಿತು. ಅದರ ಒಂದು ವಿಜ್ಞಾನ ಘಟಕದಲ್ಲಿ, ಬಿಸಿಲಿನಲ್ಲಿ ಒಂದು ಗಂಟೆ ಓಡುವ ವ್ಯಕ್ತಿಯ ದೇಹಕ್ಕೆ ಏನಾಗುತ್ತದೆ ಎಂಬುದನ್ನು ವಿದ್ಯಾರ್ಥಿಯೇ ಪ್ರಯೋಗ ಮಾಡಿ ಕಂಡುಕೊಳ್ಳಬೇಕಿತ್ತು. ಗಾಳಿಯ ಉಷ್ಣಾಂಶ, ತೇವಾಂಶ ಮತ್ತು ಓಟಗಾರ ನೀರು ಕುಡಿಯುತ್ತಾನೋ ಇಲ್ಲವೋ ಎಂಬುದನ್ನು ಆರಿಸಿದರೆ, ಬೆವರಿನ ಪ್ರಮಾಣ, ದೇಹ ಕಳೆದುಕೊಂಡ ನೀರು ಮತ್ತು ದೇಹದ ಉಷ್ಣಾಂಶ ಕೋಷ್ಟಕದಲ್ಲಿ ಮೂಡುತ್ತವೆ. ಗಾಳಿಯ ಉಷ್ಣಾಂಶ ಹೆಚ್ಚಿದರೆ ಬೆವರು ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ ಎಂದು ಹೇಳಿದರಷ್ಟೇ ಸಾಲದು, ಆ ಉತ್ತರಕ್ಕೆ ಆಧಾರವಾಗುವ ಎರಡು ಸಾಲುಗಳನ್ನು ಕೋಷ್ಟಕದಿಂದ ಆರಿಸಿ ತೋರಿಸಬೇಕು. ಆ ಎರಡು ಸಾಲುಗಳಲ್ಲಿ ಗಾಳಿಯ ಉಷ್ಣಾಂಶ ಮಾತ್ರ ಬದಲಾಗಿದ್ದು ಉಳಿದೆಲ್ಲವೂ ಒಂದೇ ಆಗಿರಬೇಕೆಂಬುದು ಪ್ರಯೋಗವಿಜ್ಞಾನದ ತಿರುಳನ್ನು ಗ್ರಹಿಸಿದವರಿಗೆ ಮಾತ್ರ ಹೊಳೆಯುತ್ತದೆ. ಮತ್ತೊಂದು ಪ್ರಶ್ನೆ ಇನ್ನೂ ಸೊಗಸಾಗಿದೆ: ತೇವಾಂಶಕ್ಕೆ 20, 40, 60 ಶೇಕಡಾ ಎಂಬ ಮೂರೇ ಆಯ್ಕೆಗಳಿದ್ದರೂ 50 ಶೇಕಡಾ ಇದ್ದಾಗ ಓಡುವುದು ಸುರಕ್ಷಿತವೇ ಎಂದು ಕೇಳಲಾಗುತ್ತದೆ. ಬಾಯಿಪಾಠದಿಂದ ಇದಕ್ಕೆ ಉತ್ತರ ಸಿಗುವುದಿಲ್ಲ.

2012ರ ಪಿಸಾದ ಸಮಸ್ಯಾಪರಿಹಾರ ವಿಭಾಗದಲ್ಲಿ ಹೆಸರಿಲ್ಲದ ಮೂರು ನಿಯಂತ್ರಣಗಳಿರುವ ಹವಾನಿಯಂತ್ರಕವೊಂದಿತ್ತು. ಯಾವ ನಿಯಂತ್ರಣ ಉಷ್ಣಾಂಶವನ್ನು ಬದಲಿಸುತ್ತದೆ, ಯಾವುದು ತೇವಾಂಶವನ್ನು ಎಂದು ಪತ್ತೆಹಚ್ಚಿ ಚಿತ್ರದಲ್ಲಿ ಗುರುತಿಸಬೇಕು. ಒಂದು ಸಲಕ್ಕೆ ಒಂದೇ ನಿಯಂತ್ರಣವನ್ನು ಕದಲಿಸಿ ಕ್ರಮವಾಗಿ ಪರಿಶೀಲಿಸಿದ ವಿದ್ಯಾರ್ಥಿ ಕೊನೆಗೆ ಚಿತ್ರವನ್ನು ತಪ್ಪಾಗಿ ಬರೆದರೂ ಅವನಿಗೆ ಭಾಗಶಃ ಅಂಕ ದೊರೆಯುತ್ತಿತ್ತು. ಕಾಗದದ ಪರೀಕ್ಷೆಯಲ್ಲಿ ಈ ವಿದ್ಯಾರ್ಥಿಯೂ ಸುಮ್ಮನೆ ಊಹೆ ಮಾಡಿದವನೂ ಒಂದೇ ಸೊನ್ನೆಯನ್ನು ಹಂಚಿಕೊಳ್ಳುತ್ತಿದ್ದರು.

ಆದರೆ ದಾಖಲೆ ಇದ್ದ ಮಾತ್ರಕ್ಕೆ ನ್ಯಾಯ ಸಿಕ್ಕಿತೆಂದಲ್ಲ. ಪರದೆಯ ಮುಂದೆ ಎರಡು ನಿಮಿಷ ಏನನ್ನೂ ಒತ್ತದೆ ಕುಳಿತ ಹುಡುಗಿ ಆಳವಾಗಿ ಯೋಚಿಸುತ್ತಿರಬಹುದು, ಪ್ರಶ್ನೆಯೇ ಅರ್ಥವಾಗದೆ ತಬ್ಬಿಬ್ಬಾಗಿರಬಹುದು. ದಾಖಲೆಯಲ್ಲಿ ಎರಡೂ ಒಂದೇ. ಮನೆಯಲ್ಲಿ ಕಂಪ್ಯೂಟರ್ ಇರುವ ಮಗುವಿಗೂ ಮೌಸ್ ಹಿಡಿಯುವುದೇ ಹೊಸತಾದ ಮಗುವಿಗೂ ಅದೇ ಸಮಯ ಕೊಟ್ಟರೆ ನಾವು ಅಳೆಯುವುದು ವಿಜ್ಞಾನವನ್ನಲ್ಲ, ಮನೆಯ ಅನುಕೂಲವನ್ನು. ಆದ್ದರಿಂದ ಅಂಕವಿಲ್ಲದ ಅಭ್ಯಾಸದ ಅವಧಿಯನ್ನು ಪರೀಕ್ಷೆಗೆ ಮುಂಚೆಯೇ ಕೊಡುವುದು ಅನಿವಾರ್ಯ. ಕನ್ನಡ ಮಾಧ್ಯಮದ ಮಕ್ಕಳಿಗೆ ಪರದೆಯ ಮೇಲಿನ ಪ್ರತಿಯೊಂದು ಗುಂಡಿ, ಪ್ರತಿಯೊಂದು ಸೂಚನೆ ಕನ್ನಡದಲ್ಲಿಯೇ ಇರಬೇಕೆಂಬುದೂ ಅಷ್ಟೇ ಮುಖ್ಯ.

ಸಿಮ್ಯುಲೇಶನ್‌ನಿಂದ ಕಲಿತದ್ದು ಕೈಗೆ ಹತ್ತುವುದಿಲ್ಲ ಎಂಬ ಆಕ್ಷೇಪ ಪೂರ್ತಿ ನಿಜವಲ್ಲ. ನೊಬೆಲ್ ಪುರಸ್ಕೃತ ಕಾರ್ಲ್ ವೈಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಎಂಬ ಸಿಮ್ಯುಲೇಶನ್ ಯೋಜನೆಯ ವಿದ್ಯುನ್ಮಂಡಲ ತಂತ್ರಾಂಶವನ್ನು ಬಳಸಿದ ವಿದ್ಯಾರ್ಥಿಗಳು, ನಿಜವಾದ ಬಲ್ಬು ತಂತಿಗಳನ್ನು ಬಳಸಿ ಕಲಿತವರಿಗಿಂತ ಉತ್ತಮವಾಗಿ ನಿಜವಾದ ಮಂಡಲವನ್ನು ಕಟ್ಟಿ ವಿವರಿಸಿದರೆಂದು 2005ರ ಅಧ್ಯಯನವೊಂದು ತೋರಿಸಿತು. ಹಾಗಿದ್ದರೂ ಸಡಿಲ ಜೋಡಣೆಯನ್ನು ಹುಡುಕಿ ಸರಿಪಡಿಸುವುದು ಸಹ ಒಂದು ವಿದ್ಯೆ. ಅದನ್ನು ಅಳೆಯಲು ನಿಜವಾದ ಮೇಜೇ ಬೇಕು, ಮತ್ತು ಆಗ ದೋಷವನ್ನು ಎಲ್ಲರ ಮೇಜಿನಲ್ಲೂ ಉದ್ದೇಶಪೂರ್ವಕವಾಗಿ ಒಂದೇ ರೀತಿ ಇಟ್ಟಿರಬೇಕು.

ಅಂಕ ಕೊಡುವ ನಿಯಮವನ್ನು ತಂತ್ರಾಂಶಕ್ಕೆ ಬರೆದುಕೊಡುವವರು ಶಿಕ್ಷಕರೇ, ಆದ್ದರಿಂದ ನಿಯಮವನ್ನೂ ಮೊದಲು ಪರೀಕ್ಷೆಗೆ ಒಡ್ಡಬೇಕು. ಕೆಲವು ವಿದ್ಯಾರ್ಥಿಗಳನ್ನು ಕೂರಿಸಿ, ಪ್ರಯೋಗ ಮಾಡುತ್ತಾ ತಮ್ಮ ಯೋಚನೆಯನ್ನು ಗಟ್ಟಿಯಾಗಿ ಹೇಳುವಂತೆ ಕೇಳಿಕೊಂಡರೆ, ದಾಖಲೆಯ ಹೆಜ್ಜೆಗಳೂ ಅವರ ಮಾತೂ ಎಲ್ಲಿ ಹೊಂದುವುದಿಲ್ಲವೆಂದು ತಿಳಿಯುತ್ತದೆ. ತೇವವಾದ ಗಾಳಿಯಲ್ಲಿ ಬೆವರು ಆರುವುದಿಲ್ಲ ಎಂಬುದು ಮಂಗಳೂರಿನ ಸೆಕೆಯಲ್ಲಿ ಬೆಳೆದ ಮಗುವಿಗೆ ಮೊದಲೇ ಗೊತ್ತಿರುವುದರಿಂದ ಅದು ಒಂದೇ ಪ್ರಯೋಗ ಮಾಡಿ ಮುಂದೆ ಹೋಗಬಹುದು. ಅಂಥ ಮಗುವಿಗೆ ತಂತ್ರಾಂಶ ಅಂಕ ಕಳೆಯುತ್ತಿದೆಯೆಂದು ಕಂಡುಬಂದರೆ, ಪರೀಕ್ಷೆ ರಾಜ್ಯದ ಎಲ್ಲ ಶಾಲೆಗಳಿಗೆ ಹೋಗುವ ಮೊದಲು ಆ ನಿಯಮವನ್ನು ತಿದ್ದಲು ಇನ್ನೂ ಸಮಯವಿರುತ್ತದೆ.